ಕಾನೂನು ಬದಲಾದರೆ ನಮಗೇನು? ಉತ್ತರ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯಲ್ಲಿ ವಕೀಲಿ ಮಾಡುತ್ತೇನೆ, ವಾರಕ್ಕೆ ಒಂದೆರಡು ತಾಸು ಕಾನೂನು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತೇನೆ. ಕೋರ್ಟಿನ ಎದುರಿನ ಚಾದಂಗಡಿಯಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಕಾರವಾರದ ಬಸ್ಸಿನಲ್ಲಿ, ಕಾನೂನು ಅರಿವು ಶಿಬಿರದ ಕೊನೆಯಲ್ಲಿ ಜನ ಕೇಳಿದ್ದನ್ನು ಡೈರಿಯಲ್ಲಿ ಬರೆದಿಡುವ ಅಭ್ಯಾಸವಿದೆ. ಮತ್ತೆ ಮತ್ತೆ ಬಂದವನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಹೆಚ್ಚಿನ ಉತ್ತರಗಳು ಒಂದು ದಿನಾಂಕದ ಮೇಲೆ ನಿಂತಿವೆ. ನಮ್ಮ ಕಡೆ ಕಾನೂನೇ ಇಲ್ಲವೆಂದು ಸೋತವರಿಗಿಂತ ದಿನಾಂಕ ನೋಡದೆ ಸೋತವರನ್ನೇ ನಾನು ಹೆಚ್ಚು ಕಂಡಿದ್ದೇನೆ.

## ಮೊದಲ ಮೆಟ್ಟಿಲು

"ಐಪಿಸಿ ಹೋಯ್ತಂತಲ್ರೀ. ಹಾಗಾದ್ರೆ 420 ಅಂತ ಬೈಯೋ ಹಾಗಿಲ್ವಾ?"

ಬೈಯಲು ಅಡ್ಡಿಯಿಲ್ಲ, ದೂರಿನಲ್ಲಿ ಮಾತ್ರ ಬರೆಯಬೇಡಿ. 2024ರ ಜುಲೈ 1ರಿಂದ 1860ರ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯದರಲ್ಲಿ 511 ಕಲಮುಗಳಿದ್ದವು, ಹೊಸದರಲ್ಲಿ 358. ಅಂದಮೇಲೆ 420ನೇ ಕಲಮೇ ಇಲ್ಲ, ವಂಚನೆ ಈಗ 318ರಲ್ಲಿದೆ. ಕೊಲೆ 302ರಿಂದ 103ಕ್ಕೆ ಹೋಗಿದೆ. ಇಲ್ಲೊಂದು ತಮಾಷೆಯಿದೆ: ಹೊಸ ಸಂಹಿತೆಯಲ್ಲೂ 302 ಇದೆ, ಆದರೆ ಅದು ಧಾರ್ಮಿಕ ಭಾವನೆಗೆ ನೋವಾಗುವಂತೆ ಮಾತಾಡುವ ಅಪರಾಧದ್ದು. ಹಳೇ ಅಭ್ಯಾಸದಲ್ಲಿ "302 ಹಾಕಿ" ಎಂದು ಬರೆದುಕೊಟ್ಟರೆ ಓದುವವರು ತಲೆ ಕೆರೆದುಕೊಳ್ಳಬೇಕಾಗುತ್ತದೆ. ದೂರು ಕೊಡುವವರಿಗೆ ನನ್ನ ಸಲಹೆಯೆಂದರೆ, ನಂಬರಿನ ಗೊಡವೆಗೆ ಹೋಗದೆ ನಡೆದದ್ದನ್ನು ನಡೆದ ಹಾಗೆ ಬರೆಯಿರಿ. ಕಲಮು ಹುಡುಕುವುದು ಪೊಲೀಸರ ಕೆಲಸ.

"ನಮ್ಮ ಬೇಲಿ ಗಲಾಟೆ 2023ರದ್ದು. ಹೊಸ ಕಾನೂನು ನಮಗೂ ಬೀಳ್ತದಾ?"

ಇಲ್ಲ. ಕೃತ್ಯ ನಡೆದ ದಿನ ಯಾವ ಕಾನೂನಿತ್ತೋ ಶಿಕ್ಷೆಗೆ ಅದೇ ಅಳತೆ. ಸಂವಿಧಾನದ 20ನೇ ವಿಧಿಯ ರಕ್ಷಣೆ ಇದು. 2024ರ ಜುಲೈ 1ರ ಹೊತ್ತಿಗೆ ನಡೆಯುತ್ತಿದ್ದ ವಿಚಾರಣೆಗಳೂ ಹಳೆಯ ಪ್ರಕ್ರಿಯೆಯಲ್ಲೇ ಮುಂದುವರಿಯುತ್ತವೆ. ಹಾಗಾಗಿ ಇನ್ನೂ ಅನೇಕ ವರ್ಷ ನಮ್ಮ ಮೇಜಿನ ಮೇಲೆ ಎರಡೂ ಪುಸ್ತಕ ಇರಲೇಬೇಕು.

"ಕಾರವಾರದಲ್ಲಿ ಪರ್ಸ್ ಹೋಯ್ತು, ಹುಬ್ಬಳ್ಳಿಯಲ್ಲಿ ಬಸ್ಸಿಳಿದಾಗ ಗೊತ್ತಾಯ್ತು. ಮತ್ತೆ ಕಾರವಾರಕ್ಕೇ ಹೋಗಬೇಕಾ?"

ಬೇಡ. ಹುಬ್ಬಳ್ಳಿಯ ಠಾಣೆಯಲ್ಲೇ ಹೇಳಿ. ಸರಹದ್ದು ಯಾವುದೇ ಇರಲಿ, ಮಾಹಿತಿ ದಾಖಲಿಸಿಕೊಳ್ಳಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ತನಿಖೆ, ವಿಚಾರಣೆಯ ಕ್ರಮ ಹೇಳುವ ಹೊಸ ಕಾನೂನು) 173ನೇ ಕಲಮು ಹೇಳುತ್ತದೆ. ಇದೇ ಜನರ ಬಾಯಲ್ಲಿರುವ ‘ಜೀರೋ ಎಫ್‌ಐಆರ್’. ಆನ್‌ಲೈನಿನಲ್ಲಿ ಕಳಿಸಿದರೂ ನಡೆಯುತ್ತದೆ, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಪ್ರತಿ ಉಚಿತ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ನಿಮಗೆ ತಿಳಿಸುವುದೂ ಅವರ ಹೊಣೆ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ರಿಜಿಸ್ಟರ್ಡ್ ಅಂಚೆ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಅರ್ಜಿ.

"ವಕೀಲರಿಗೆ ಕೊಡಲು ದುಡ್ಡಿಲ್ಲದವ್ರು ಏನು ಮಾಡ್ಬೇಕು?"

ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಬಿಳಿ ಹಾಳೆಯ ಅರ್ಜಿ ಸಾಕು. ಜಿಲ್ಲಾ ಪ್ರಾಧಿಕಾರ ಕಾರವಾರದಲ್ಲಿದೆ, ಸಹಾಯವಾಣಿ 15100. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಕೈಗಾರಿಕಾ ಕಾರ್ಮಿಕರು, ಪ್ರಕೃತಿ ವಿಕೋಪಕ್ಕೆ ಸಿಕ್ಕವರು, ಇವರಿಗೆ ಆದಾಯದ ಮಿತಿಯೇ ಇಲ್ಲ. ಶಿರೂರಿನಂಥ ಗುಡ್ಡ ಕುಸಿತದಲ್ಲಿ ಮನೆ ಕಳೆದುಕೊಂಡವರೂ ಈ ಪಟ್ಟಿಯಲ್ಲಿ ಬರುತ್ತಾರೆ. ಪುಕ್ಕಟೆ ವಕೀಲ ಅಂದರೆ ಅರೆಮನಸ್ಸಿನ ವಕೀಲ ಎಂಬ ಅನುಮಾನ ಜನರಲ್ಲಿದೆ. ಕೆಲವೊಮ್ಮೆ ಅದು ನಿಜವೂ ಹೌದು. ಹಾಗನ್ನಿಸಿದರೆ ಬೇರೆಯವರನ್ನು ಕೊಡಿ ಎಂದು ಕೇಳಿ, ಸಂಕೋಚ ಬೇಡ.

## ಮನೆ, ತೋಟ, ಕಾಡು

"ನಮ್ಮ ಹಳೇ ಕಾಗದದಲ್ಲೆಲ್ಲ ‘ಮುಂಬಯಿ ಕಾಯ್ದೆ’ ಅಂತಿದೆ. ಅದೆಲ್ಲ ಈಗ ರದ್ದಿ ಅಲ್ವಾ?"

ರದ್ದಿಗೆ ಹಾಕುವ ಮೊದಲು ತೋರಿಸಿ. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. (ಮುಂಬಯಿಯ ಆ ಕಾಲದಲ್ಲೇ ರವೀಂದ್ರನಾಥ ಟ್ಯಾಗೋರರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದದ್ದು. ರವೀಂದ್ರರು ಕಡಲು ನೋಡಿ ಬರೆದರು, ಅಣ್ಣ ತೀರ್ಪು ಬರೆದರು.) ನಿಮ್ಮಜ್ಜ ಗೇಣಿದಾರರಾಗಿದ್ದರೆ ಅವರ ಹಕ್ಕು ಶುರುವಾದದ್ದು 1948ರ ಮುಂಬಯಿ ಗೇಣಿ ಕಾಯ್ದೆಯಲ್ಲಿ, ಪೂರ್ತಿಯಾದದ್ದು ಕರ್ನಾಟಕ ಭೂಸುಧಾರಣಾ ಕಾಯ್ದೆಯಲ್ಲಿ. 1974ರ ಮಾರ್ಚ್ 1ರಂದು ಗೇಣಿ ಜಮೀನು ಸರ್ಕಾರಕ್ಕೆ ಸೇರಿತು, ಉಳುವವನು ಫಾರಂ 7 ತುಂಬಿ ಕೇಳಿ ಪಡೆಯಬೇಕಾಯಿತು. ಅದಕ್ಕೆ ಕೊನೆಯ ಗಡುವು 1979ರ ಜೂನ್ 30. ಆ ಹಾಳೆ ತುಂಬಿದವರ ಮೊಮ್ಮಕ್ಕಳು ಇಂದು ಜಮೀನುದಾರರು, ತುಂಬದವರ ಮೊಮ್ಮಕ್ಕಳು ಇನ್ನೊಬ್ಬರ ತೋಟದಲ್ಲಿ ಅಡಿಕೆ ಕೊನೆ ಕೊಯ್ಯುತ್ತಾರೆ. ಅಂಕೋಲೆಯ ಕಡೆ ದಿನಕರ ದೇಸಾಯಿಯವರು ರೈತರನ್ನು ಕಟ್ಟುವುದರ ಜೊತೆಗೆ ಶಾಲೆಗಳನ್ನೂ ಕಟ್ಟಿದ್ದು ಸುಮ್ಮನೆ ಅಲ್ಲ. ಫಾರಂ ತುಂಬಲು ಅಕ್ಷರ ಬೇಕಿತ್ತು.

"ತಂಗಿ ಮದುವೆ 1988ರಲ್ಲೇ ಆಗಿಹೋಯ್ತು. ಈಗ ಬಂದು ತೋಟದಲ್ಲಿ ಪಾಲು ಕೇಳ್ತಾಳೆ. ಕೊಡ್ಲೇಬೇಕಾ?"

ಪಿತ್ರಾರ್ಜಿತ ತೋಟವಾಗಿದ್ದು ಇನ್ನೂ ವಾಟಣಿ (ಆಸ್ತಿ ಪಾಲು) ಆಗಿರದಿದ್ದರೆ ಕೊಡಬೇಕು. ಗೊಂದಲ ಹುಟ್ಟಿದ್ದು ಹೀಗೆ: 1994ರ ಜುಲೈ 30ರಿಂದ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. ಊರಿನ ತಲೆಯಲ್ಲಿ ಇವತ್ತಿಗೂ ಉಳಿದಿರುವುದು ಆ ಹಳೇ ಪಾಠ. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಮದುವೆಯ ಗೆರೆಯನ್ನು ಅಳಿಸಿತು. ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿ ಚರ್ಚೆ ಮುಗಿಸಿತು.

ನಿಮಗೆ ಉಳಿದಿರುವ ದಾರಿ ಒಂದೇ. 2004ರ ಡಿಸೆಂಬರ್ 20ಕ್ಕೂ ಮೊದಲೇ ನೋಂದಾಯಿತ ಪತ್ರದಿಂದ ಅಥವಾ ಕೋರ್ಟಿನ ಡಿಕ್ರಿಯಿಂದ ಪಾಲಾಗಿದ್ದರೆ ಅದನ್ನು ಕೆದಕುವಂತಿಲ್ಲ. "ಹಿರಿಯರ ಎದುರು ಬಾಯಿಮಾತಲ್ಲಿ ಆಗಿತ್ತು" ಎನ್ನುವುದು ಬಹಳ ಅಪರೂಪಕ್ಕೆ, ಅದೂ ಸರ್ಕಾರಿ ದಾಖಲೆಗಳ ಬೆಂಬಲ ಇದ್ದರೆ ಮಾತ್ರ ನಿಲ್ಲುತ್ತದೆ. ಅಪ್ಪ ಸ್ವಂತ ದುಡ್ಡಿನಲ್ಲಿ ಮಾಡಿದ ಆಸ್ತಿಯ ಲೆಕ್ಕವೇ ಬೇರೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಬರುವ ಅಕ್ಕತಂಗಿಯರನ್ನು ನಾನು ಒಂದು ಪ್ರಶ್ನೆ ಕೇಳದೆ ಬಿಡುವುದಿಲ್ಲ: "ಇದು ನಿಮ್ಮ ಪಾಲು, ಬಿಡುತ್ತಿದ್ದೀರಿ, ಗೊತ್ತಲ್ಲ?" ಅಣ್ಣಂದಿರಿಗೆ ಈ ಪ್ರಶ್ನೆ ಹಿಡಿಸುವುದಿಲ್ಲ.

"ಅಜ್ಜನ ಕಾಲದಿಂದ ಸಾಗುವಳಿ ಮಾಡಿದ ಜಾಗ. 75 ವರ್ಷದ ದಾಖಲೆ ಎಲ್ಲಿಂದ ತರೋದು ಸ್ವಾಮಿ?"

ಈ ಜಿಲ್ಲೆಯಲ್ಲಿ ನನ್ನನ್ನು ಅತಿ ಹೆಚ್ಚು ಸಲ ನಿಲ್ಲಿಸಿ ಕೇಳಿದ ಪ್ರಶ್ನೆ. 2006ರ ಅರಣ್ಯ ಹಕ್ಕು ಕಾಯ್ದೆ ಎರಡು ಗುಂಪು ಮಾಡಿದೆ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೂ ಮೊದಲಿನಿಂದ ಅಲ್ಲಿ ನೆಲೆಸಿ ಕಾಡನ್ನು ನೆಚ್ಚಿ ಬದುಕುತ್ತಿದ್ದರೆ ಸಾಕು. ಯಲ್ಲಾಪುರ, ಹಳಿಯಾಳದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದರಿಂದ ಅವರಿಗೆ ಈ ಬಾಗಿಲು ತೆರೆದಿದೆ. ಉಳಿದವರು ‘ಇತರೆ ಪಾರಂಪರಿಕ ಅರಣ್ಯವಾಸಿ’ಗಳು. ಅವರು ಮೂರು ತಲೆಮಾರು, ತಲೆಮಾರಿಗೆ 25ರಂತೆ 75 ವರ್ಷದ ವಾಸ ತೋರಿಸಬೇಕು. ಪಟ್ಟಿಯಲ್ಲಿ ಹೆಸರಿರುವುದಕ್ಕೂ ಇಲ್ಲದಿರುವುದಕ್ಕೂ ಇಷ್ಟು ಅಂತರ. ಹಾಲಕ್ಕಿ ಒಕ್ಕಲಿಗರು ಪಂಗಡದ ಮಾನ್ಯತೆಗಾಗಿ ಯಾಕೆ ಅಷ್ಟು ಹಟ ಹಿಡಿದಿದ್ದಾರೆಂದು ಇದರಿಂದ ಅರ್ಥವಾಗಬಹುದು.

ಈಗ ದಾಖಲೆಯ ಮಾತು. ನಿಮ್ಮ ಹೆಸರಿನ 75 ವರ್ಷದ ಹಳೇ ಉತಾರವೇ (ಪಹಣಿ) ಬೇಕೆಂದು ಕಾಯ್ದೆ ಎಲ್ಲೂ ಹೇಳಿಲ್ಲ. ನಿಯಮಗಳು ಒಪ್ಪುವ ಸಾಕ್ಷ್ಯದ ಪಟ್ಟಿ ಉದ್ದವಿದೆ: ಹಳೆಯ ಗೆಜೆಟಿಯರ್, ಅರಣ್ಯ ಇಲಾಖೆಯದೇ ವರದಿ, ದಂಡದ ರಸೀದಿ, ಬಾವಿ, ಕಟ್ಟೆ, ಸುಡುಗಾಡು, ದೇವರ ಬನ, ಊರ ಹಿರಿಯರ ಲಿಖಿತ ಹೇಳಿಕೆ. ಒಂದಕ್ಕಿಂತ ಹೆಚ್ಚು ಬಗೆಯದು ಇರಬೇಕು. ಇಂಥದೇ ಕಾಗದ ತಾ ಎಂದು ಸಮಿತಿ ಪಟ್ಟು ಹಿಡಿಯುವಂತಿಲ್ಲ ಎಂದು 2012ರ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ. ಅಜ್ಜನಿಗೆ ಅಂದು ಹಾಕಿದ ದಂಡದ ರಸೀದಿ ಇಂದು ಮೊಮ್ಮಗನ ಸಾಕ್ಷಿಯಾಗುವ ವಿಚಿತ್ರವನ್ನು ನಾನೇ ನೋಡಿದ್ದೇನೆ.

ಅರ್ಜಿ ಗ್ರಾಮಸಭೆಯಿಂದ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಹೋಗುತ್ತದೆ. ತಿರಸ್ಕರಿಸಿದರೆ ಕಾರಣ ಬರೆದು ತಿಳಿಸಬೇಕು, 60 ದಿನದೊಳಗೆ ಮೇಲಿನ ಸಮಿತಿಗೆ ಹೋಗುವ ಹಕ್ಕು ನಿಮ್ಮದು. ಪರಿಶೀಲನೆ ಮುಗಿಯುವವರೆಗೆ ಒಕ್ಕಲೆಬ್ಬಿಸುವಂತಿಲ್ಲ. ತಿರಸ್ಕೃತರನ್ನು ತೆರವು ಮಾಡಿ ಎಂದು 2019ರ ಫೆಬ್ರವರಿ 13ರಂದು ಬಂದ ಆದೇಶವನ್ನು ಸುಪ್ರೀಂ ಕೋರ್ಟೇ ಅದೇ ತಿಂಗಳ 28ರಂದು ತಡೆಹಿಡಿಯಿತು. ಹಕ್ಕುಪತ್ರ ಸಿಕ್ಕರೂ ಗರಿಷ್ಠ 4 ಹೆಕ್ಟೇರ್. ಮಕ್ಕಳಿಗೆ ಹೋಗುತ್ತದೆ, ಮಾರಲು ಬರುವುದಿಲ್ಲ.

"ಸೀಬರ್ಡ್‌ಗೆ ಜಾಗ ಬಿಟ್ಟವ್ರಿಗೆ ಚಿಲ್ಲರೆ ಕಾಸು, ಈಗ ಹೆದ್ದಾರಿಗೆ ಕೊಟ್ಟವ್ರಿಗೆ ಅಷ್ಟೆಲ್ಲ. ಇದ್ಯಾವ ನ್ಯಾಯ?"

ನ್ಯಾಯ ಅನ್ನುವುದಕ್ಕಿಂತ ಕಾಲ ಅನ್ನಿ. ಕಾರವಾರದ ಬಳಿ ಅರ್ಗಾದಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿದ್ದದ್ದು 1986ರಲ್ಲಿ. ಆಗ ಇದ್ದದ್ದು ಬ್ರಿಟಿಷರ 1894ರ ಭೂಸ್ವಾಧೀನ ಕಾಯ್ದೆ. 2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಹಳ್ಳಿಯ ಜಾಗಕ್ಕೆ ಮಾರುಕಟ್ಟೆ ಬೆಲೆಯನ್ನು ಎರಡು ಪಟ್ಟಿನವರೆಗೆ ಏರಿಸಿ, ಮೇಲೆ ಶೇ. 100 ಸಾಂತ್ವನ ಧನ ಸೇರಿಸುತ್ತಾರೆ. ಪುನರ್ವಸತಿ ಕೂಡ ಹಕ್ಕು. ಹೆದ್ದಾರಿಗಳಿಗೂ ಈ ಲೆಕ್ಕ 2015ರಿಂದ ಅನ್ವಯ. ಕೋರ್ಟು ಮೆಟ್ಟಿಲು ಹತ್ತಿ ಪರಿಹಾರ ಹೆಚ್ಚಿಸಿಕೊಳ್ಳುವಷ್ಟರಲ್ಲಿ ಸೀಬರ್ಡ್ ನಿರಾಶ್ರಿತರ ಒಂದು ತಲೆಮಾರೇ ಮುಗಿಯಿತು. ಹೊಸ ಕಾನೂನು ಇಂಥವರ ಸಂಕಟದಿಂದಲೇ ಹುಟ್ಟಿತು, ಅವರಿಗೇ ಸಿಗಲಿಲ್ಲ.

## ಕಡಲು, ಕಾರ್ಖಾನೆ, ಪೇಟೆ

"ಗೋಕರ್ಣದಲ್ಲಿ ಮನೆ ಹಿಂದೆ ಎರಡು ರೂಮ್ ಎಬ್ಬಿಸಿ ಹೋಂಸ್ಟೇ ಮಾಡ್ಬಹುದಾ?"

ಇರುವ ಮನೆಯಲ್ಲಿ ಹೋಂಸ್ಟೇ ಮಾಡುವುದು ಬೇರೆ, ಹೋಂಸ್ಟೇಗಾಗಿ ಹೊಸದು ಕಟ್ಟುವುದು ಬೇರೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಸ್ಥಳೀಯರಿಗೆ, ಮೀನುಗಾರರಿಗೂ ಸೇರಿದಂತೆ, ಇರುವ ಮನೆಯ ತಳಪಾಯ, ವಿನ್ಯಾಸ, ಮುಖ ಬದಲಿಸದೆ ಹೋಂಸ್ಟೇ ನಡೆಸಲು ಬಿಟ್ಟಿದೆ. ಹಿಂದೆ ಎರಡು ಕೋಣೆ ಎಬ್ಬಿಸಿದರೆ ತಳಪಾಯ ಬದಲಾಯಿತಲ್ಲ?

ಜಾಗ ಎಲ್ಲಿದೆ ಎಂಬುದೂ ಮುಖ್ಯ. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಹಳ್ಳಿಯಾದರೆ ಭರತದ ಗೆರೆಯಿಂದ 50 ಮೀಟರ್ ಕಟ್ಟಡ ನಿಷೇಧ, ಕಡಿಮೆ ಇದ್ದರೆ 200 ಮೀಟರ್. "ನಮ್ಮದು ಸಮುದ್ರದ ದಂಡೆಯಲ್ಲವಲ್ಲ" ಎಂದು ಅಘನಾಶಿನಿ, ಶರಾವತಿ, ಕಾಳಿ ನದಿಗಳ ಹಿನ್ನೀರಿನವರು ಹೇಳುತ್ತಾರೆ. ಉಪ್ಪುನೀರು ಏರಿಳಿಯುವ ಹೊಳೆಗೂ ಈ ನಿಯಮವಿದೆ. ಮೊದಲು ಪಂಚಾಯಿತಿಯಲ್ಲಿ ನಕ್ಷೆ ನೋಡಿ, ಆಮೇಲೆ ಗೌಂಡಿಯನ್ನು ಕರೆಯಿರಿ. ಸಾಲ ಮಾಡಿ ಕಟ್ಟಿದ ಮೇಲೆ ನೋಟಿಸು ಹಿಡಿದು ಬರುವವರೇ ನನ್ನ ಬಳಿ ಹೆಚ್ಚು. ಇನ್ನೊಂದು: ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು, ಮನೆ ಎಷ್ಟೇ ಚಿಕ್ಕದಿರಲಿ.

"ಮಳೆಗಾಲದಲ್ಲಿ ಬೋಟ್ ಬಂದ್, ಲೈಟ್ ಹಾಕಿದ್ರೆ ದಂಡ. ಕಾನೂನು ಮಾಡೋರು ಸಮುದ್ರ ನೋಡಿದಾರಾ?"

ಜೂನ್ 1ರಿಂದ ಜುಲೈ 31ರವರೆಗೆ 61 ದಿನದ ನಿಷೇಧ ಮೀನು ಮರಿಯಿಡುವ ಕಾಲಕ್ಕೆ ಹೊಂದಿಸಿದ್ದು. ನಾಡದೋಣಿಗೆ ವಿನಾಯಿತಿಯಿದೆ. ದಡದಿಂದ 12 ನಾಟಿಕಲ್ ಮೈಲಿನವರೆಗೆ ರಾಜ್ಯದ ಕಾನೂನು, ಅದರಾಚೆ ಕೇಂದ್ರದ್ದು. ಗೋವಾದವರೊಂದಿಗೆ ಗಡಿ ಜಗಳ ಬರುವುದೂ ಇಲ್ಲೇ, ನೀರಿನ ಮೇಲೆ ಬೇಲಿ ಹಾಕಲಾಗುವುದಿಲ್ಲವಲ್ಲ. ಆದರೆ ಕಾನೂನು ತಡವಾಗಿ ಬಂದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ರಂಪಣಿಯೇ ಸಾಕ್ಷಿ. 1970ರ ದಶಕದ ನಡುವೆ ಮೀನಿನ ಹಿಂಡನ್ನೇ ದೊಡ್ಡ ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳು ಬಂದವು, ಊರಿಗೆ ಊರೇ ಸೇರಿ ಎಳೆಯುತ್ತಿದ್ದ ರಂಪಣಿ ಬಲೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಕರ್ನಾಟಕದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದದ್ದು 1986ರಲ್ಲಿ. ಅಷ್ಟರಲ್ಲಿ ಕಾಯಬೇಕಾದ್ದು ಹೋಗಿಯಾಗಿತ್ತು. ರಾತ್ರಿ ಪ್ರಖರ ಬೆಳಕು ಹಾಯಿಸಿ ಮೀನು ಸೆಳೆದು ಹಿಡಿಯುವ ಲೈಟ್ ಮೀನುಗಾರಿಕೆಯ ವಿಷಯದಲ್ಲಿ ನಾನು ದಂಡದ ಪರ.

"ಕುಮಟೆಯಲ್ಲಿ ಸಣ್ಣ ಗೋಡಂಬಿ ಕಾರ್ಖಾನೆ. ಲೇಬರ್ ಕೋಡ್ ಬಂತು ಅಂತಾರೆ, ನನಗೇನು ಬದಲಾಗ್ತದೆ?"

2025ರ ನವೆಂಬರ್ 21ರಿಂದ 29 ಕಾರ್ಮಿಕ ಕಾನೂನುಗಳ ಜಾಗದಲ್ಲಿ ನಾಲ್ಕು ಸಂಹಿತೆಗಳಿವೆ. ನಿಮಗೆ ತಟ್ಟುವಂಥವು ಇವು. ಪ್ರತಿ ಕೆಲಸಗಾರರಿಗೂ ನೇಮಕಾತಿ ಪತ್ರ ಕೊಡಬೇಕು. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಹೆಚ್ಚುವರಿಯನ್ನು ವೇತನವೆಂದೇ ಲೆಕ್ಕ ಹಿಡಿಯುತ್ತಾರೆ, ಆಗ ಭವಿಷ್ಯನಿಧಿಯ ಲೆಕ್ಕವೂ ಏರಬಹುದು. ನಿಗದಿತ ಅವಧಿಗೆ ಸೇರಿದವರಿಗೆ ಐದರ ಬದಲು ಒಂದೇ ವರ್ಷಕ್ಕೆ ಗ್ರಾಚ್ಯುಟಿ. ಇನ್ನೊಂದು ಕಡೆ, ವಿದ್ಯುತ್ ಬಳಸುವ ಘಟಕ ‘ಕಾರ್ಖಾನೆ’ ಎನಿಸಿಕೊಳ್ಳಲು ಬೇಕಾದ ಸಂಖ್ಯೆ 10ರಿಂದ 20ಕ್ಕೆ ಏರಿದೆ. 15 ಹೆಂಗಸರು ಬೀಜ ಸುಲಿಯುವ ಘಟಕದ ಮಾಲೀಕರಿಗೆ ಇದು ಹಗುರ. ಆ 15 ಜನರಿಗೆ ಹಗುರವೇ ಎಂದು ಕೇಳಿದರೆ ನಾನು ಹೌದೆನ್ನಲಾರೆ.

"ಅಡಿಕೆಗೆ ಕಾನೂನಿನಿಂದ ಒಳ್ಳೇದಾದದ್ದು ಒಂದಾದ್ರೂ ಇದ್ಯಾ?"

ಇದೆ. ‘ಶಿರಸಿ ಅಡಿಕೆ’ಗೆ 2019ರಲ್ಲಿ ಭೌಗೋಳಿಕ ಸೂಚಿಕೆ (ಜಿಐ), ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕಿದೆ, ಅಂಕೋಲೆಯ ಕರಿ ಈಶಾಡು ಮಾವಿಗೆ 2023ರಲ್ಲಿ. ಆದರೆ ಜಿಐ ಎನ್ನುವುದು ಬಾಗಿಲಿಗೆ ತೂಗುಹಾಕುವ ತೋರಣವಲ್ಲ. ಬೆಳೆಗಾರ ಅಧಿಕೃತ ಬಳಕೆದಾರನಾಗಿ ನೋಂದಾಯಿಸಿಕೊಂಡರೆ ಮಾತ್ರ ಆ ಹೆಸರು ಬಳಸಲು ಬಲ, ಹತ್ತು ವರ್ಷಕ್ಕೊಮ್ಮೆ ನವೀಕರಣ. 1923ರಷ್ಟು ಹಿಂದೆ ಸಹಕಾರಿ ಸಂಘ ಕಟ್ಟಿಕೊಂಡ ಊರಿಗೆ ಇದು ಕಷ್ಟದ ಕೆಲಸವೇನಲ್ಲ.

"ಒಂದು ಆದೇಶ ಒಂದು ಪೇಟೆಯನ್ನೇ ಮುಗಿಸಬಹುದಾ?"

ಅದಿರು ಸಾಗುತ್ತಿದ್ದ ಬೇಲೆಕೇರಿ ಬಂದರಿಗೆ ಹೋಗಿ ಕೇಳಿ. ಅಕ್ರಮ ಅದಿರಿನ ಗಲಾಟೆಯ ನಡುವೆ 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಕಬ್ಬಿಣದ ಅದಿರಿನ ರಫ್ತು ನಿಲ್ಲಿಸಿತು, ಸುಪ್ರೀಂ ಕೋರ್ಟ್ ಮತ್ತೆ ಬಿಟ್ಟದ್ದು 2022ರ ಮೇ ತಿಂಗಳಲ್ಲಿ. ಹೆದ್ದಾರಿಯಲ್ಲಿ ಸಾಲುಗಟ್ಟಿದ್ದ ಲಾರಿಗಳು ಮಾಯವಾದವು, ಅವನ್ನು ನಂಬಿದ ಗ್ಯಾರೇಜು, ಖಾನಾವಳಿಗಳೂ. ಕಾನೂನು ಕೆಟ್ಟದ್ದೆಂದು ಹೇಳುತ್ತಿಲ್ಲ. ಕಾನೂನು ಮುರಿಯುವ ವ್ಯಾಪಾರದ ಮೇಲೆ ಪೇಟೆ ಕಟ್ಟಿದರೆ ಮೊದಲು ಕುಸಿಯುವುದು ಚಾದಂಗಡಿ.

## ಕಾನೂನು ಓದು

"ಮಗಳದ್ದು ಪಿಯುಸಿ ಆಯ್ತು. ಐದು ವರ್ಷದ್ದಾ, ಡಿಗ್ರಿ ಮಾಡಿ ಮೂರು ವರ್ಷದ್ದಾ?"

ವಕೀಲಿಯೇ ಬೇಕೆಂದು ಗಟ್ಟಿಯಾಗಿದ್ದರೆ ಐದು ವರ್ಷದ್ದು, ಒಂದು ವರ್ಷ ಉಳಿಯುತ್ತದೆ. ಸಾಮಾನ್ಯ ವರ್ಗಕ್ಕೆ ಪಿಯುಸಿಯಲ್ಲಿ ಶೇ. 45 ಬೇಕು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗಾದರೆ ಕ್ಲ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು, ಅಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25 ಮೀಸಲು ಇದೆ. ನಮ್ಮ ಕಡೆಯ ಕಾಲೇಜುಗಳು 2009ರಲ್ಲಿ ಶುರುವಾದ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. ಶಿರಸಿಯಲ್ಲೇ ಓದಬಹುದು. ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ಇಂಟರ್ನ್‌ಶಿಪ್ ಎಲ್ಲಿ ಮಾಡಿಸುತ್ತಾರೆಂದು ಕೇಳಿ. ಐದು ವರ್ಷದವರಿಗೆ 20 ವಾರ, ಮೂರು ವರ್ಷದವರಿಗೆ 12 ವಾರ ಕಡ್ಡಾಯ. ಬರೀ ಸರ್ಟಿಫಿಕೇಟಿನಲ್ಲಿ ಮುಗಿಸಿದವರು ಮೊದಲ ವಕಾಲತ್ತು ತುಂಬುವಾಗಲೇ ಸಿಕ್ಕಿಬೀಳುತ್ತಾರೆ.

"ಕನ್ನಡದಲ್ಲಿ ಓದಿದ್ರೆ ಕೋರ್ಟಲ್ಲಿ ನಡೀತದಾ?"

ಕೆಳಗಿನ ಕೋರ್ಟುಗಳಲ್ಲಿ ಚೆನ್ನಾಗಿಯೇ ನಡೆಯುತ್ತದೆ, ಸಾಕ್ಷಿ ಹೇಳುವವರ ಭಾಷೆ ಅದೇ ತಾನೆ? ಧಾರವಾಡ ಪೀಠಕ್ಕೆ ಹೋದಾಗ ಇಂಗ್ಲಿಷ್ ಬೇಕು. ಎರಡನ್ನೂ ಕಲಿಯಲಿ. ಕನ್ನಡದಲ್ಲಿ ಅಡ್ಡಸವಾಲು ಹಾಕಲು ಬಾರದೆ ಒದ್ದಾಡುವ ಇಂಗ್ಲಿಷ್ ಮೀಡಿಯಮ್ಮಿನ ಹುಡುಗರೂ ಬರುತ್ತಿದ್ದಾರೆ.

"ಎಲ್‌ಎಲ್‌ಬಿ ಆದ್ಮೇಲೂ ಪರೀಕ್ಷೆಯಂತೆ, ಜಡ್ಜ್ ಆಗೋಕೆ ಮತ್ತೆ ಮೂರು ವರ್ಷವಂತೆ?"

ಎರಡೂ ನಿಜ. ಸನದು (ವಕೀಲಿಯ ನೋಂದಣಿ) ಪಡೆದ ಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. ಅದು ಸಿಂಧು ಎಂದು 2023ರಲ್ಲಿ ಸಂವಿಧಾನ ಪೀಠ ಹೇಳಿದೆ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷದ ವಕೀಲಿ ಬೇಕೆಂದು 2025ರ ಮೇ 20ರಂದು ಸುಪ್ರೀಂ ಕೋರ್ಟ್ ಮತ್ತೆ ತಂದಿತು. ನನಗೆ ಇದು ಅರ್ಧ ಒಪ್ಪಿಗೆ. ಕೋರ್ಟಿನ ಜಗಲಿಯ ಮೇಲೆ ನಿಂತು ಗೊತ್ತಿಲ್ಲದವರು ನ್ಯಾಯಪೀಠದಲ್ಲಿ ಕೂರಬಾರದು, ಸರಿ. ಆದರೆ ಆ ಮೂರು ವರ್ಷ ಹಿರಿಯರ ಆಫೀಸಿನಲ್ಲಿ ಸಿಗುವ ಪುಡಿಗಾಸಿನಲ್ಲಿ ಬದುಕಲು ಮನೆಯ ಬೆಂಬಲ ಬೇಕು. ಸಿದ್ದಾಪುರದ ಕೂಲಿಯವರ ಮಗಳಿಗೆ ಅದು ಎಲ್ಲಿಂದ ಬರಬೇಕು? ಒಂದು ಹೊರೆ ಮಾತ್ರ ಇಳಿದಿದೆ. ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟರಿಗೆ 125 ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ಕೇಳುವಂತಿಲ್ಲ ಎಂದು 2024ರ ಜುಲೈನಲ್ಲಿ ತೀರ್ಪಾಗಿದೆ.

## ಸ್ವಲ್ಪ ಆಳಕ್ಕೆ

"ಕಾಲೇಜಲ್ಲಿ ಚೆನ್ನಾಗಿ ಪಾಠ ಮಾಡಿದ್ರೆ ಊರಿಗೇನು ಲಾಭ? ಓದಿದವ್ರೆಲ್ಲ ಬೆಂಗಳೂರಿಗೆ ಹೋಗ್ತಾರೆ."

ಹೋಗುತ್ತಾರೆ, ಸುಳ್ಳಲ್ಲ. ಆದರೆ ಊರಿನಲ್ಲಿ ಕಾನೂನನ್ನು ದಿನನಿತ್ಯ ಓದುವವರು ವಕೀಲರಲ್ಲ. ಪಂಚಾಯಿತಿಯ ಪಿಡಿಒ, ಠಾಣೆಯ ರೈಟರು, ಸಬ್‌ರಿಜಿಸ್ಟ್ರಾರ್ ಆಫೀಸಿನೆದುರಿನ ದಸ್ತು ಬರಹಗಾರರು, ಸೊಸೈಟಿಯ ಗುಮಾಸ್ತರು. ಕಾನೂನು ದಿಲ್ಲಿಯಲ್ಲಿ ಒಂದೇ ರಾತ್ರಿ ಬದಲಾಗುತ್ತದೆ, ಇವರ ಮೇಜಿಗೆ ಬರಲು ವರ್ಷಗಳು ಹಿಡಿಯುತ್ತವೆ. ಜನ ನಷ್ಟಪಡುವುದು ಆ ನಡುವಿನ ವರ್ಷಗಳಲ್ಲಿ. ಹೊಸ ಕ್ರಿಮಿನಲ್ ಕಾನೂನುಗಳನ್ನು 2024-25ರಿಂದಲೇ ಪಠ್ಯಕ್ಕೆ ತನ್ನಿ ಎಂದು ವಕೀಲರ ಪರಿಷತ್ತು ಕಾಲೇಜುಗಳಿಗೆ ಹೇಳಿತು, ಸರಿಯೇ. ದಸ್ತು ಬರಹಗಾರರಿಗೆ ಹೇಳುವವರು ಯಾರು?

ಕೆಲವು ವರ್ಷದ ಹಿಂದೆ ಮೂವರು ವಿದ್ಯಾರ್ಥಿಗಳನ್ನು ಘಟ್ಟದ ಒಂದು ಹಳ್ಳಿಗೆ ಕರೆದೊಯ್ದಿದ್ದೆ. ಒಬ್ಬ ಅಜ್ಜಿಯ ಅರಣ್ಯ ಹಕ್ಕು ಅರ್ಜಿ ತಿರಸ್ಕೃತವಾಗಿತ್ತು. ಆಕೆ ಆ ಪತ್ರವನ್ನು ಮಡಚಿ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದಳು, ಸರ್ಕಾರದ ಮುದ್ರೆ ಇದೆಯಲ್ಲ, ಒಳ್ಳೇದೇ ಇರಬೇಕು ಎಂದು. ಎರಡನೇ ವರ್ಷದ ಹುಡುಗಿ ಓದಿ ನೋಡಿದಳು: ಕಾರಣವನ್ನೇ ಬರೆದಿರಲಿಲ್ಲ, ಪತ್ರ ಕೈಗೆ ಬಂದು 51 ದಿನವಾಗಿತ್ತು. ಉಳಿದದ್ದು ಒಂಬತ್ತು ದಿನ. ಆ ರಾತ್ರಿಯೇ ಮೂವರೂ ಕೂತು ಮೇಲ್ಮನವಿ ಬರೆದರು, ಹಿರಿಯರ ಹೇಳಿಕೆ ತೆಗೆದರು, ಬಾವಿಯ ಫೋಟೊ ಹಚ್ಚಿದರು. ಅರ್ಜಿ ಮರುಪರಿಶೀಲನೆಗೆ ಹೋಯಿತು. ಇವತ್ತಿಗೂ ಮುಗಿದಿಲ್ಲ, ಆದರೆ ಅಜ್ಜಿ ಅಲ್ಲೇ ಇದ್ದಾಳೆ.

"ಕಸ್ತೂರಿರಂಗನ್ ಇನ್ನೂ ಕರಡು ಅಂತಾರೆ. ಕರಡಿಗೆ ಹೆದರ್ಬೇಕಾ?"

ಹೆದರುವುದು ಬೇಡ, ಓದಿ. ಕಸ್ತೂರಿರಂಗನ್ ಸಮಿತಿಯ ವರದಿ ಆಧರಿಸಿದ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಮೊದಲ ಕರಡು 2014ರ ಮಾರ್ಚ್‌ನಲ್ಲಿ ಬಂತು, ಆರನೆಯದು 2024ರ ಜುಲೈ 31ರಂದು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿದೆ, ನಮ್ಮ ಘಟ್ಟದ ಹಳ್ಳಿಗಳೂ ಇವೆ. ಗಣಿ, ಕಲ್ಲು ಕ್ವಾರಿ, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ (ಹೆಚ್ಚು ಮಾಲಿನ್ಯ ಮಾಡುವ) ಕೈಗಾರಿಕೆಗೆ ನಿಷೇಧ. ತೋಟ ಬಿಡಿಸುತ್ತಾರೆ, ಗೊಬ್ಬರ ಹಾಕಲು ಬಿಡುವುದಿಲ್ಲ ಎಂದು ಮೈಕಿನಲ್ಲಿ ಹೇಳಿದವರಲ್ಲಿ ಹೆಚ್ಚಿನವರು ಕರಡು ಓದಿರಲಿಲ್ಲ.

ಪ್ರತಿ ಕರಡಿಗೂ ಆಕ್ಷೇಪಣೆ ಸಲ್ಲಿಸಲು 60 ದಿನ ಇರುತ್ತದೆ. "ನಮ್ಮ ಊರನ್ನು ಕೈಬಿಡಿ" ಎಂಬ ಒಂದೇ ಸಾಲಿನ ನೂರು ಸಹಿಗಿಂತ, ಸರ್ವೆ ನಂಬರು, ಅಲ್ಲಿರುವ ತೋಟ, ಸೊಪ್ಪಿನಬೆಟ್ಟ, ಮನೆಗಳ ಲೆಕ್ಕ, ಕರಡಿನ ಯಾವ ಸಾಲಿಗೆ ಆಕ್ಷೇಪ ಎಂದು ಬರೆದ ಎರಡು ಪುಟ ಮೇಲು. ಗ್ರಾಮಸಭೆಯ ಠರಾವಿನ ಪ್ರತಿ ಹಚ್ಚಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಕ್ಕಿ ಡಬ್ಬದಲ್ಲಿಟ್ಟರೂ ಅಡ್ಡಿಯಿಲ್ಲ.